ಶಟಲ್ ಕಾಣಬೇಕು, ಚಿತ್ರವೂ ಕಾಣಬೇಕು

ದುಬೈನ ಸತ್ವಾದಲ್ಲಿ ‘ಡಿಸೆಂಬರ್ 2’ ಎಂಬ ಹೆಸರಿನ ರಸ್ತೆಯಿದೆ. 1971ರ ಅದೇ ದಿನ ಯುಎಇ ಒಕ್ಕೂಟ ಹುಟ್ಟಿದ್ದು. ಹಳಬರ ಬಾಯಲ್ಲಿ ಮಾತ್ರ ಅದಿನ್ನೂ ದಿಯಾಫಾ ರಸ್ತೆಯೇ. ಕರಕ್ ಚಹಾ, ಶವರ್ಮಾ, ದರ್ಜಿ ಅಂಗಡಿ, ಮೊಬೈಲ್ ರಿಪೇರಿ, ಪಕ್ಕದಲ್ಲೇ ಪಾಕಿಸ್ತಾನಿ ಊಟಕ್ಕೆ ಹೆಸರಾದ ರಾವಿ ಹೋಟೆಲು. ದುಡಿಯುವವರ ಬಡಾವಣೆ ಇದು. 2016ರಲ್ಲಿ ದುಬೈ ಸರ್ಕಾರದ ಮಾಧ್ಯಮ ಕಚೇರಿಗೆ ಸೇರಿದ ‘ಬ್ರ್ಯಾಂಡ್ ದುಬೈ’ ಈ ರಸ್ತೆಯ ಹದಿನಾರು ಕಟ್ಟಡಗಳ ಬದಿಗೋಡೆಗಳನ್ನು ಬೇರೆ ಬೇರೆ ದೇಶದ ಕಲಾವಿದರ ಕೈಗೆ ಕೊಟ್ಟಿತು. ‘ದುಬೈ ಸ್ಟ್ರೀಟ್ ಮ್ಯೂಸಿಯಂ’ ಎಂಬ ಯೋಜನೆಯ ಮೊದಲ ಹಂತ ಅದು. ಮುತ್ತು ಹೆಕ್ಕುತ್ತಿದ್ದ ಕಾಲದ ಮುದುಕರು, ಹಾಯಿದೋಣಿ, ಗಿಡುಗ ಎಲ್ಲವೂ ನಾಲ್ಕು ಮಹಡಿ ಎತ್ತರಕ್ಕೆ ಎದ್ದು ನಿಂತವು.

ಅಲ್ಲಿಯ ಗಿಡುಗವನ್ನು ಬರೆದವರು ಚೀನಾದ ಹುವಾ ಟುನಾನ್. ಗೋಡೆಯ ಬುಡಕ್ಕೆ ಹೋಗಿ ನೋಡಿದರೆ ಗಿಡುಗವೇ ಇಲ್ಲ. ಚಿಮ್ಮಿದ ಬಣ್ಣ, ಕೆಳಗೆ ಹರಿದ ಧಾರೆ, ಸ್ಪ್ರೇ ಡಬ್ಬಿಯಿಂದ ಒಂದೇ ಉಸಿರಿಗೆ ಎಳೆದ ಬೀಸುಗಳು, ಅಷ್ಟೇ. ರಸ್ತೆ ದಾಟಿ ತಿರುಗಿ ನೋಡಿದಾಗ ರೆಕ್ಕೆ, ಕೊಕ್ಕು, ಕಣ್ಣು ಕೂಡಿಕೊಳ್ಳುತ್ತವೆ. ಇಷ್ಟು ದೂರದಿಂದಲೇ ನೋಡಬೇಕು ಎಂಬ ಲೆಕ್ಕ ಆ ಚಿತ್ರದ ಒಳಗೇ ಇದೆ. ನಡೆದು ಹೋಗುವವನು, ಬಸ್ಸಿನಲ್ಲಿ ಕೂತವನು, ಎದುರು ಹೋಟೆಲಿನಲ್ಲಿ ಚಹಾ ಹಿಡಿದು ನಿಂತವನು, ಎಲ್ಲರಿಗೂ ತಲೆಯೆತ್ತಿ ನೋಡಲು ಬಿಡುವಿದೆ.

ಆಟದ ಸಂಕೀರ್ಣದ ಗೋಡೆಗೆ ಈ ಅನುಕೂಲವಿಲ್ಲ. ಬಡಾವಣೆಗೊಂದು ಕ್ರೀಡಾ ಸಂಕೀರ್ಣ ಎಂಬುದು ದುಬೈ, ಅಬುಧಾಬಿಗಳಲ್ಲಿ ಈಗ ಮಾಮೂಲು ಮಾತು. ಹೊಸ ಕಟ್ಟಡ ಏಳುವಾಗ ಗೋಡೆಗೆ ‘ಸ್ಥಳೀಯ ಕಲೆ’ ಬೇಕು ಎಂಬ ಬೇಡಿಕೆಯೂ ಜೊತೆಗೇ ಬರುತ್ತದೆ. ಸಂತೋಷದ ಸಂಗತಿ. ಆದರೆ ಸತ್ವಾದ ಗೋಡೆಗೆ ಹಚ್ಚಿದ ಬುದ್ಧಿಯನ್ನೇ ಇಲ್ಲಿಗೂ ಹಚ್ಚಿದರೆ ಆಟವೂ ಕೆಡುತ್ತದೆ, ಚಿತ್ರವೂ ಕೆಡುತ್ತದೆ. ಓಡುತ್ತಿರುವವನ ಕಣ್ಣು, ಬೆವರಿದವನ ಕಣ್ಣು, ಚೆಂಡಿನ ಮೇಲೆ ನೆಟ್ಟ ಕಣ್ಣು ಬೇರೆಯೇ ರೀತಿ ನೋಡುತ್ತದೆ.

ಬ್ಯಾಡ್ಮಿಂಟನ್ನನ್ನೇ ತೆಗೆದುಕೊಳ್ಳಿ. ಗರಿಯ ಶಟಲ್ ಬಿಳಿ. ಹಿಂದಿನ ಗೋಡೆ ಬಿಳಿಯೋ ತಿಳಿಹಳದಿಯೋ ಆಗಿದ್ದರೆ ವೇಗದ ಸ್ಮ್ಯಾಶ್ ಅದರಲ್ಲಿ ಕರಗಿ ಹೋಗುತ್ತದೆ. ಅದಕ್ಕೇ ಅಂಕಣದ ಹಿಂಬದಿ ಗಾಢವಾಗಿರಬೇಕು, ಹೊಳೆಯಬಾರದು, ಆಟಗಾರನ ಕಣ್ಣಿಗೆ ನೇರವಾಗಿ ದೀಪ ಹೊಡೆಯಬಾರದು ಎಂಬುದು ಈ ಆಟ ಬಲ್ಲವರೆಲ್ಲರ ಮಾತು. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ನಮ್ಮ ಪ್ರಕಾಶ್ ಪಡುಕೋಣೆ ಆಡಿ ಬೆಳೆದದ್ದು ಮಲ್ಲೇಶ್ವರದ ಕೆನರಾ ಯೂನಿಯನ್‌ನ ಮದುವೆ ಹಾಲಿನಲ್ಲಿ. ಮದುವೆಯಿದ್ದ ದಿನ ಆಟವಿಲ್ಲ. ಅಲ್ಲಿ ಗೋಡೆಯ ಬಣ್ಣವನ್ನು ಶಟಲ್‌ಗಾಗಿ ಯಾರೂ ಆರಿಸಿರಲಿಲ್ಲ. ಇದ್ದ ಗೋಡೆಯ ಎದುರು ಕಣ್ಣನ್ನು ಪಳಗಿಸಿಕೊಳ್ಳಬೇಕಿತ್ತು. ಇಂದು ಕೋಟಿಗಟ್ಟಲೆ ಸುರಿದು ಕಟ್ಟುವವರಿಗೆ ಆ ಕಷ್ಟವಿಲ್ಲ. ಆದರೂ ದುಬೈನ ಒಂದು ಖಾಸಗಿ ಒಳಾಂಗಣದಲ್ಲಿ, ಅಂಕಣದ ನೇರ ಹಿಂದೆ, ಸೂರ್ಯೋದಯದ ದೊಡ್ಡ ಚಿತ್ರ ಕಂಡಿದ್ದೇನೆ. ನಿಂಬೆಹಳದಿ, ಕಿತ್ತಳೆ, ನಡುವೆ ಬಿಳಿ. ಚಿತ್ರವಾಗಿ ಚೆಲುವಾಗಿಯೇ ಇತ್ತು. ಆ ಬದಿಗೆ ಎದುರಾಗಿ ನಿಲ್ಲಬೇಕಾದವರು ಮಾತ್ರ ಪ್ರತಿ ಗೇಮಿನಲ್ಲೂ ಗೊಣಗುತ್ತಿದ್ದರು. ಕೆಲವು ತಿಂಗಳಲ್ಲಿ ಅದರ ಮೇಲೆ ಕಡುನೀಲಿ ಪರದೆ ಇಳಿಬಿದ್ದಿತು. ಬರೆದವರ ಶ್ರಮ ಪರದೆಯ ಹಿಂದೆ ಉಳಿಯಿತು. ಅವರನ್ನು ಕೆಲಸಕ್ಕೆ ಕರೆದವರು ಮೊದಲೇ ಒಬ್ಬ ಆಟಗಾರನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾತಾಡಿದ್ದರೆ ಆ ಸೂರ್ಯೋದಯ ಬದಿಗೋಡೆಗೆ ಹೋಗುತ್ತಿತ್ತು, ಇವತ್ತಿಗೂ ಇರುತ್ತಿತ್ತು.

ಒಂದೊಂದು ಆಟಕ್ಕೂ ಇಂಥದ್ದೇ ಒಂದು ಹಟವಿದೆ. ಟೇಬಲ್ ಟೆನಿಸ್‌ಗೆ ಸುತ್ತಲೂ ಗಾಢ ಹಿನ್ನೆಲೆ ಬೇಕು. ಕ್ರಿಕೆಟ್ಟಿನಲ್ಲಿ ಕೆಂಪು ಚೆಂಡಿಗೆ ಬಿಳಿ ಸೈಟ್‌ಸ್ಕ್ರೀನ್, ಬಿಳಿ ಚೆಂಡಿಗೆ ಕಪ್ಪು; ಬೌಲರನ ಕೈಯ ಹಿಂದೆ ಎಂಥ ಮಹಾನ್ ಕಲಾವಿದನಿಗೂ ಜಾಗವಿಲ್ಲ. ಫುಟ್ಸಾಲ್‌ನಲ್ಲಿ ಚೆಂಡು ಗೋಡೆಗೆ ಬಡಿಯುತ್ತಲೇ ಇರುತ್ತದೆ, ಅಲ್ಲಿ ಆಳೆತ್ತರದವರೆಗೆ ಸವೆತ ತಾಳುವ ಲೇಪ ಮಾತ್ರ ಉಳಿಯುತ್ತದೆ. ಬ್ಯಾಸ್ಕೆಟ್‌ಬಾಲ್ ಉದಾರಿ. ಅದರ ನೆಲವೇ ಕ್ಯಾನ್ವಾಸ್ ಆಗಬಲ್ಲದು. ಪ್ಯಾರಿಸ್‌ನ ಪಿಗಾಲ್‌ನಲ್ಲಿ ಎರಡು ಕಟ್ಟಡಗಳ ನಡುವೆ ಸಿಕ್ಕಿಕೊಂಡ ಪುಟ್ಟ ಅಂಗಳ ತನ್ನ ನೆಲದ ಬಣ್ಣಗಳಿಂದಲೇ ಲೋಕಪ್ರಸಿದ್ಧವಾಯಿತು. ಆದರೆ ನೆಲದ ಚಿತ್ರಕ್ಕೂ ಶರತ್ತುಗಳಿವೆ. ಕಾಲು ಜಾರದಂತೆ ಬಣ್ಣದಲ್ಲಿ ಸಣ್ಣ ಮರಳು ಬೆರೆಯಬೇಕು. ಆಟದ ಗೆರೆಗಳು ಚಿತ್ರದ ಗೆರೆಗಳಲ್ಲಿ ಕಳೆದುಹೋಗಬಾರದು. ಅಕ್ಷರಗಳಂತೂ ಬೇಡವೇ ಬೇಡ. ದೇವರ ಹೆಸರು ಬರೆಯುವ ಲಿಪಿ ಕಾಲಡಿಗೆ ಬರುವುದನ್ನು ಅರಬ್ಬರು ಸಹಿಸರು. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಆಡುವವರು ಯಾರು ಎಂಬ ಮಾತು. ಯುಎಇಯಲ್ಲಿ 35 ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದಾರೆ; ಆ ದೇಶದಲ್ಲಿ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಇನ್ನಾವ ದೇಶದವರೂ ಇಲ್ಲ. ಮೂಲ ಎಮಿರಾತಿಗಳು ಹತ್ತರಲ್ಲಿ ಒಬ್ಬರ ಆಸುಪಾಸು. ರಜೆಯ ದಿನ ಮುಂಜಾನೆ ಕಟ್ಟಡವಿಲ್ಲದ ಮರಳು ನಿವೇಶನಗಳಲ್ಲಿ ಟೇಪ್ ಸುತ್ತಿದ ಟೆನಿಸ್ ಚೆಂಡಿನ ಕ್ರಿಕೆಟ್ ನಡೆಯುತ್ತದೆ. ಫಿಲಿಪಿನೋಗಳಿಗೆ ಬ್ಯಾಸ್ಕೆಟ್‌ಬಾಲ್ ಎಂದರೆ ಪ್ರಾಣ. ಮಲಯಾಳಿಗಳು ಏಳು ಜನರ ಫುಟ್‌ಬಾಲ್‌ಗೆ ಊರಿನ ಅಬ್ಬರವನ್ನೇ ತರುತ್ತಾರೆ. ನಮ್ಮವರು? ಚಳಿಗಾಲ ಶುರುವಾಗುತ್ತಲೇ ಕರ್ನಾಟಕ ಸಂಘಗಳು, ತುಳು ಕೂಟಗಳು, ಊರೂರಿನ ಹೆಸರಿನ ಬಳಗಗಳು ಕ್ರೀಡಾಕೂಟದ ಕರಪತ್ರ ಹೊರಡಿಸುತ್ತವೆ. ಗಂಡಸರಿಗೆ ವಾಲಿಬಾಲ್, ಕಬಡ್ಡಿ, ಹಗ್ಗಜಗ್ಗಾಟ, ಹೆಂಗಸರಿಗೆ ಥ್ರೋಬಾಲ್, ಮಕ್ಕಳಿಗೆ ಲಿಂಬೆ-ಚಮಚ. 2018ರ ಜೂನ್‌ನಲ್ಲಿ ಕಬಡ್ಡಿ ಮಾಸ್ಟರ್ಸ್ ಟೂರ್ನಿ ದುಬೈನ ಅಲ್ ವಾಸ್ಲ್ ಕ್ಲಬ್ಬಿನಲ್ಲಿ ನಡೆದು, ಭಾರತ ಫೈನಲ್‌ನಲ್ಲಿ ಇರಾನನ್ನು ಮಣಿಸಿತು. ಜೂನ್ ಎಂದರೆ ಒಳಾಂಗಣವೇ ಗತಿ. ಬೇಸಗೆಯ ತಿಂಗಳುಗಳಲ್ಲಿ ಇಡೀ ದೇಶದ ಆಟ ಸೂರಿನಡಿ ಸೇರುತ್ತದೆ. ಬೇಸಗೆ ಬಂದರೆ ವರ್ಲ್ಡ್ ಟ್ರೇಡ್ ಸೆಂಟರಿನ ವಸ್ತುಪ್ರದರ್ಶನದ ಹಾಲ್‌ಗಳಲ್ಲೇ ಅಂಕಣ ಹಾಸುವ ಊರು ಇದು. ಹಾಗಾಗಿ ಹೊರಗೋಡೆಯ ಚಿತ್ರದಷ್ಟೇ ಒಳಗೋಡೆಯ ಚಿತ್ರವೂ ಮುಖ್ಯ. ಹೊರಗಿನದನ್ನು ಕಾರಿನಲ್ಲಿ ಹೋಗುವವರು ಕ್ಷಣಹೊತ್ತು ಕಾಣುತ್ತಾರೆ, ಒಳಗಿನದರ ಜೊತೆ ಆಡುವವರು ವರ್ಷಗಟ್ಟಲೆ ಬದುಕುತ್ತಾರೆ.

ಸರ್ಕಾರಗಳಿಗೆ ಮನಸ್ಸಿಲ್ಲ ಎನ್ನುವಂತಿಲ್ಲ. ದುಬೈನ ಕರಾಮಾದ ಮಾರುಕಟ್ಟೆ ಸುತ್ತಲಿನ ಕಟ್ಟಡಗಳು, ಅಲ್ಲಿಯದೇ ಸಿಟಿ ವಾಕ್‌ನ ಗೋಡೆಗಳು, ಅಬುಧಾಬಿಯ ಅಂಡರ್‌ಪಾಸ್‌ಗಳು ಬಣ್ಣ ಕಂಡಿವೆ. ದುಬೈ ಕಲ್ಚರ್ ಸಂಸ್ಥೆ 2022ರಲ್ಲಿ ಸಾರ್ವಜನಿಕ ಕಲೆಗೆಂದೇ ಕಾರ್ಯನೀತಿ ಪ್ರಕಟಿಸಿತು. ಮರುವರ್ಷ ಅಬುಧಾಬಿಯಲ್ಲೂ ‘ಪಬ್ಲಿಕ್ ಆರ್ಟ್ ಅಬುಧಾಬಿ’ ಶುರುವಾಯಿತು. ಅನುಮತಿಯಿಲ್ಲದೆ ಗೋಡೆಗೆ ಬಣ್ಣ ಬಳಿದರೆ ಅಲ್ಲಿ ಅದು ಅಪರಾಧ. ಆದ್ದರಿಂದ ಎಲ್ಲ ಭಿತ್ತಿಚಿತ್ರವೂ ಕಚೇರಿಯ ಮೂಲಕವೇ ಬರಬೇಕು. ಕಚೇರಿಯ ಮೂಲಕ ಬಂದಾಗ ಒಂದು ಅಪಾಯವಿದೆ: ಯಾರಿಗೂ ನೋವಾಗದ ಚಿತ್ರ ಬೇಕು ಎಂದು ಎಲ್ಲರೂ ಅದೇ ಗಿಡುಗ, ಅದೇ ಒಂಟೆ, ಅದೇ ಹಾಯಿದೋಣಿಗೆ ಸಹಿ ಹಾಕುತ್ತಾರೆ. ಗಿಡುಗದ ಬಗ್ಗೆ ನನಗೆ ಗೌರವವಿದೆ. ಗಿಡುಗ ಪಳಗಿಸುವ ವಿದ್ಯೆ ಆ ಮಣ್ಣಿನ ಜೀವಂತ ಸಂಪತ್ತು, ಒಂಟೆಯ ಓಟವೂ ಹಾಗೆಯೇ, ಎರಡೂ ಯುನೆಸ್ಕೋ ಪಟ್ಟಿಯಲ್ಲಿವೆ. ಆದರೆ ಕಬಡ್ಡಿ ಅಂಕಣದ ಪಕ್ಕದಲ್ಲೂ, ಈಜುಕೊಳದ ಪಕ್ಕದಲ್ಲೂ, ಶೌಚಾಲಯದ ದಾರಿಯಲ್ಲೂ ಒಂದೇ ಗಿಡುಗ ಕೂತರೆ ಕಣ್ಣು ಅದನ್ನು ನೋಡುವುದನ್ನೇ ಬಿಡುತ್ತದೆ.

ಬೆಂಗಳೂರಿನವರಿಗೆ ಇದು ಹೊಸತಲ್ಲ. 2009ರ ಸುಮಾರಿಗೆ ಬಿಬಿಎಂಪಿ ನಗರದ ಗೋಡೆಗಳನ್ನು ಪೋಸ್ಟರುಗಳಿಂದ ಉಳಿಸಲು ಚಿತ್ರ ಬರೆಸಿತು. ಕೆಲಸ ಸಿಕ್ಕಿದ್ದು ಸಿನಿಮಾ ಬ್ಯಾನರ್ ಬರೆಯುತ್ತಿದ್ದ ಕಲಾವಿದರಿಗೆ. ಫ್ಲೆಕ್ಸ್ ಬಂದು ಅವರ ಅನ್ನ ಕಿತ್ತುಕೊಂಡಿತ್ತು. ಹತ್ತು ಅಡಿಯ ರಾಜ್‌ಕುಮಾರ್ ಮುಖವನ್ನು ಚೌಕುಳಿ ಹಾಕಿ ಒಂದೇ ರಾತ್ರಿಯಲ್ಲಿ ಮೂಡಿಸಬಲ್ಲ ಕೈಗಳವು. ಅವರ ಕೈಗೆ ಮತ್ತೆ ಕುಂಚ ಬಂದದ್ದು ದೊಡ್ಡ ಮಾತು. ಆದರೆ ಊರಿಗೆಲ್ಲ ಸಿಕ್ಕಿದ್ದು ಮತ್ತೆ ಮತ್ತೆ ಅದೇ ಜೋಗ, ಅದೇ ಹಂಪಿಯ ರಥ, ಅದೇ ಹುಲಿ. ಅಷ್ಟು ಪಳಗಿದ ಕೈಗಳ ಮುಂದೆ ಬಸವನಗುಡಿಯ ಗೋಡೆಗೂ ಶಿವಾಜಿನಗರದ ಗೋಡೆಗೂ ಬೇರೆ ಬೇರೆ ಕಥೆಯಿದೆ ಎಂದು ಯಾರಾದರೂ ಹೇಳಿದ್ದರೆ ಏನೇನು ಬರೆಯುತ್ತಿದ್ದರೋ.

ಮತ್ತೆ ಯುಎಇಗೆ ಬರೋಣ. ಚಿತ್ರ ಏನಿರಬೇಕು ಎನ್ನುವುದಕ್ಕೆ ಮೊದಲು ಅದು ಉಳಿಯುವುದು ಹೇಗೆ ಎಂದು ಕೇಳಬೇಕಾದ ದೇಶ ಅದು. ಕೊಲ್ಲಿಯ ಬಿಸಿಲು ಬಣ್ಣದ ಮೊದಲ ವೈರಿ. ಅತಿನೇರಳೆ ಕಿರಣ ಮೊದಲು ತಿನ್ನುವುದು ನಿಯಾನ್ ಬಣ್ಣಗಳನ್ನು, ಆಮೇಲೆ ಗುಲಾಬಿ, ಮಜೆಂಟಾ, ಹಲವು ಹಳದಿಗಳನ್ನು. ಅಂಗಡಿಯಲ್ಲಿ ಕಣ್ಣು ಕುಕ್ಕುವ ಬಣ್ಣಗಳೇ ಗೋಡೆಯಲ್ಲಿ ಬೇಗ ಸಾಯುತ್ತವೆ. ಕಬ್ಬಿಣದ ಆಕ್ಸೈಡಿನ ಕೆಂಪು, ಕಂದು, ಕಾವಿ, ಟೈಟಾನಿಯಂ ಬಿಳಿ ಇಂಥ ಖನಿಜ ಬಣ್ಣಗಳು ಜಗ್ಗುವುದಿಲ್ಲ. ಎರಡನೆಯ ವೈರಿ ಉಪ್ಪು. ಕಡಲ ಗಾಳಿಯ ತೇವ ರಾತ್ರಿ ಗೋಡೆಗಿಳಿದು ಹಗಲು ಆರುತ್ತದೆ, ಆರುವಾಗ ಉಪ್ಪು ಹರಳುಗಟ್ಟಿ ಬಣ್ಣದ ಪದರವನ್ನು ಒಳಗಿನಿಂದ ನೂಕುತ್ತದೆ. ಪ್ಲಾಸ್ಟಿಕ್ಕಿನಂತೆ ಮುಚ್ಚಿಕೊಳ್ಳುವ ಬಣ್ಣವಾದರೆ ಅದು ಹಪ್ಪಳದಂತೆ ಉಬ್ಬಿ ಸುಲಿಯುತ್ತದೆ. ಮೂರನೆಯದು ಮನುಷ್ಯರ ಆತುರ. ಹೊಸ ಸಿಮೆಂಟ್ ಗಾರೆಗೆ ನಾಲ್ಕು ವಾರವಾದರೂ ಬಿಡುವು ಕೊಡಬೇಕು. ಅದರ ಕ್ಷಾರ ಇಳಿಯುವ ಮುಂಚೆ ಬಣ್ಣ ಹಚ್ಚಿದರೆ ಬಣ್ಣದ ಅಂಟೇ ಕೊಳೆಯುತ್ತದೆ. ಉದ್ಘಾಟನೆಯ ದಿನಾಂಕ ಗೊತ್ತಾಗಿ ಆಹ್ವಾನ ಪತ್ರಿಕೆ ಅಚ್ಚಾದ ಮೇಲೆ ಈ ನಾಲ್ಕು ವಾರವನ್ನು ಯಾರು ಕೊಡುತ್ತಾರೆ? ಒಂದೇ ವರ್ಷದಲ್ಲಿ ಸುಲಿದ ಎಷ್ಟೋ ಚಿತ್ರಗಳ ಕಥೆ ಇಷ್ಟೇ.

ಇದಕ್ಕೆ ಯುರೋಪು ಕಂಡುಕೊಂಡ ದಾರಿ ಸಿಲಿಕೇಟ್ ಬಣ್ಣ. 1878ರಲ್ಲಿ ಬವೇರಿಯಾದ ಆಡಾಲ್ಫ್ ವಿಲ್ಹೆಲ್ಮ್ ಕೈಮ್ ಪೇಟೆಂಟ್ ಪಡೆದದ್ದು. ಅದು ಗಾರೆಯ ಮೇಲೆ ಕೂರದೆ ಗಾರೆಯೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ, ಗೋಡೆಗೆ ಉಸಿರಾಡಲು ಬಿಡುತ್ತದೆ. ಅದರಲ್ಲಿ ಬರೆದ ಆ ಶತಮಾನದ ಮನೆಮುಂಭಾಗಗಳು ಜರ್ಮನಿ, ಸ್ವಿಟ್ಜರ್ಲೆಂಡ್‌ಗಳಲ್ಲಿ ಇನ್ನೂ ಇವೆ.

ಆದರೆ ಅರಬ್ ತೀರಕ್ಕೆ ತನ್ನದೇ ಉತ್ತರ ಹಿಂದಿನಿಂದಲೂ ಇದೆ, ಹೊಸ ಕಟ್ಟಡಗಳು ಅದನ್ನು ಸಾಕಷ್ಟು ನೆನಪಿಸಿಕೊಂಡಿಲ್ಲ ಎಂಬುದು ನನ್ನ ದೂರು. ಅಲ್ಲಿಯ ಜನ ಗೋಡೆಗೆ ಬಣ್ಣ ಬಳಿದದ್ದಕ್ಕಿಂತ ಗೋಡೆಯನ್ನು ಕೊರೆದದ್ದು ಹೆಚ್ಚು. ಅಬುಧಾಬಿ ಸಂಸ್ಥಾನದ ಅಲ್ ಐನ್‌ನಲ್ಲಿ ಹಿಲಿ ಎಂಬ ಜಾಗವಿದೆ. ಅಲ್ಲಿ ನಾಲ್ಕು ಸಾವಿರ ವರ್ಷ ಮೀರಿದ ದುಂಡು ಕಲ್ಲುಗೋರಿಯ ಬಾಗಿಲ ಮೇಲೆ ಎರಡು ಓರಿಕ್ಸ್ ಜಿಂಕೆಗಳ ನಡುವೆ ಮನುಷ್ಯಾಕೃತಿಗಳನ್ನು ಕೆತ್ತಿದ್ದಾರೆ. ಇನ್ನು ದುಬೈನ ಅಲ್ ಫಾಹಿದಿಗೆ ಬನ್ನಿ. ಇರಾನಿನ ಬಸ್ತಕ್‌ನಿಂದ ಬಂದ ವ್ಯಾಪಾರಿಗಳು ಹವಳದ ಕಲ್ಲು ಮತ್ತು ಜಿಪ್ಸಂ ಗಾರೆಯಲ್ಲಿ ಕಟ್ಟಿದ ಮನೆಗಳು, ತಲೆಯ ಮೇಲೆ ಗಾಳಿಗೋಪುರಗಳು. ಬಾಗಿಲುಗಳ ಮೇಲೆ, ಕಿಟಕಿಯ ಪಕ್ಕದಲ್ಲಿ ಜಿಪ್ಸಂ ಫಲಕಗಳು. ಗಾರೆ ಪೂರ್ತಿ ಗಟ್ಟಿಯಾಗುವ ಮುಂಚೆ ಚಾಕುವಿನಿಂದ ಕೊರೆದು ತೆಗೆದ ಬಳ್ಳಿ, ನಕ್ಷತ್ರ, ಜೇನುಗೂಡಿನ ಜಾಲ. ಸೆಕೆಯ ಗಾಳಿ ಆ ಕಿಂಡಿಗಳಲ್ಲಿ ನುಸುಳುತ್ತದೆ, ಬೆಳಕು ಅದರಲ್ಲಿ ಮುರಿದು ನೆಲದ ಮೇಲೆ ಬೀಳುತ್ತದೆ. ಬಣ್ಣವೇ ಇಲ್ಲ. ಬಿಸಿಲೇ ಬಣ್ಣ. ಬಿಸಿಲು ಹೆಚ್ಚಾದಷ್ಟೂ ಚಿತ್ರ ಸ್ಪಷ್ಟ. 1980ರ ದಶಕದಲ್ಲಿ ಈ ಬಡಾವಣೆಯ ದೊಡ್ಡ ಭಾಗವನ್ನು ಕೆಡವಿದ್ದರು, ಉಳಿದದ್ದು ಕೆಲವರ ಹಟದಿಂದ ಉಳಿಯಿತು. ಇತ್ತೀಚೆಗೆ ದುಬೈಗೇ ಸೇರಿದ ಬೆಟ್ಟದೂರು ಹತ್ತಾದಲ್ಲೂ ಬಣ್ಣವಿಲ್ಲದೆ ಚಿತ್ರ ಮೂಡಿಸುವ ಅದೇ ಜಾಣತನ ಕಾಣುತ್ತದೆ. ಅಣೆಕಟ್ಟೆಯ ಮೇಲಿನ, ಒಕ್ಕೂಟ ಕಟ್ಟಿದ ಶೇಖ್ ಜಾಯೆದ್, ಶೇಖ್ ರಾಶಿದ್ ಅವರ ಬೃಹತ್ ಚಿತ್ರಕ್ಕೆ ಬಣ್ಣ ಬಳಸದೆ ಸುಮಾರು 12 ಲಕ್ಷ ಅಮೃತಶಿಲೆಯ ತುಣುಕು ಜೋಡಿಸಿದರು. ಕಲ್ಲು ಬಿಸಿಲಿಗೆ ಮಾಸುವುದಿಲ್ಲ.

ಈ ಕೊರೆಯುವ ಕಲೆಯ ಎದುರು ನಿಂತಾಗ ಕರಾವಳಿಯವರಿಗೆ ಮೈ ಜುಮ್ಮೆನ್ನಬೇಕು. ಅರಬ್ಬಿ ಸಮುದ್ರದ ಈಚೆ ದಡದಲ್ಲೂ ಅದೇ ವಿವೇಕ ಬೆಳೆದಿತ್ತು: ಕಾವಿ ಕಲೆ. ಸಿಂಧುದುರ್ಗದಿಂದ ಗೋವಾ, ಅಂಕೋಲಾ, ಗೋಕರ್ಣ, ಕುಮಟಾ ದಾಟಿ ಉಡುಪಿಯವರೆಗೆ ಹಳೆಯ ದೇವಸ್ಥಾನ, ಮಠ, ಮನೆಗಳ ಗೋಡೆಗಳಲ್ಲಿ ಅದು ಇತ್ತು, ಅಲ್ಲೊಂದು ಇಲ್ಲೊಂದು ಈಗಲೂ ಇದೆ. ಕೆಲಸದ ಕ್ರಮ ಹೀಗೆ: ಚಿಪ್ಪು ಸುಟ್ಟ ಸುಣ್ಣಕ್ಕೆ ಮರಳು, ಬೆಲ್ಲದ ನೀರು ಸೇರಿಸಿ ದಿನಗಟ್ಟಲೆ ಕೊಳೆಸಿ ಕುಟ್ಟಬೇಕು. ಆ ಬಿಳಿ ಗಾರೆಯನ್ನು ಗೋಡೆಗೆ ಮೆತ್ತಬೇಕು. ಅದರ ಮೇಲೆ ಕೆಮ್ಮಣ್ಣು ಬೆರೆಸಿದ ಸುಣ್ಣದ ತೆಳು ಪದರ. ಅದು ಹಸಿಯಾಗಿರುವಾಗಲೇ ಕಬ್ಬಿಣದ ಕಂಟ (ಮೊನೆಕಡ್ಡಿ) ಹಿಡಿದು ಗೀರಬೇಕು, ಕೈವಾರದಿಂದ ವೃತ್ತ ಎಳೆಯಬೇಕು. ಕೆಂಪನ್ನು ಕೆರೆದು ತೆಗೆದ ಕಡೆ ಅಡಿಯ ಬಿಳಿ ಇಣುಕುತ್ತದೆ. ತಪ್ಪಿದರೆ ಅಳಿಸಲಾಗದು. ಕೊನೆಗೆ ನುಣುಪು ಹೊಳೆಗಲ್ಲಿನಿಂದ ತಿಕ್ಕಿ ಮೆರುಗು ಕೊಡುವುದು. ಚಿತ್ರ ಗೋಡೆಯ ಮೇಲಿಲ್ಲ, ಗಾರೆಯ ಒಳಗಿದೆ. ಹಾಗಾಗಿಯೇ ತಿಂಗಳುಗಟ್ಟಲೆ ಸುರಿಯುವ ಮಳೆ, ಉಪ್ಪುಗಾಳಿ ತಿಂದೂ ಅದು ಶತಮಾನ ಬಾಳಿತು. ಅದನ್ನು ಕೊಂದದ್ದು ಹವಾಮಾನ ಅಲ್ಲ, ಜೀರ್ಣೋದ್ಧಾರ. ಸಿಮೆಂಟ್ ಬಂತು, ಆಯಿಲ್ ಪೇಂಟ್ ಬಂತು, ಟೈಲ್ಸ್ ಬಂತು. ಹೊನ್ನಾವರದ ವಿಜ್ಞಾನಿ-ಲೇಖಕ ಕೃಷ್ಣಾನಂದ ಕಾಮತರು ಊರೂರು ಅಲೆದು ಫೋಟೋ ತೆಗೆದು ದಾಖಲಿಸದೇ ಹೋಗಿದ್ದರೆ ಎಷ್ಟೋ ಗೋಡೆಗಳು ಇದ್ದವೆಂಬುದೇ ಇಂದು ತಿಳಿಯುತ್ತಿರಲಿಲ್ಲ. ಉಡುಪಿಯ ಕಲಾವಿದ ಜನಾರ್ದನ ಹಾವಂಜೆ ಈಗ ಅದನ್ನು ಮತ್ತೆ ಕೈಗೆ ತರುವ ಕೆಲಸದಲ್ಲಿದ್ದಾರೆ.

ಯುಎಇಯಲ್ಲಿರುವ ಕನ್ನಡಿಗರಲ್ಲಿ ಬಹುಪಾಲು ಈ ಕಾವಿ ಗೋಡೆಗಳ ಸೀಮೆಯವರು ಇಲ್ಲವೇ ಅದರ ನೆರೆಯವರು, ದಕ್ಷಿಣ ಕನ್ನಡ, ಉಡುಪಿ, ಭಟ್ಕಳ, ಕಾಸರಗೋಡಿನವರು. ಇನ್ನೂ ಒಂದು ನಂಟಿದೆ. ಕೊಲ್ಲಿಯ ದ್ವೀಪಗಳು ಕೆಮ್ಮಣ್ಣಿಗೆ ಹೆಸರಾದವು. ಹೋರ್ಮುಜ್ ದ್ವೀಪದ ಕೆಂಪು ಮಣ್ಣು ಹಡಗೇರಿ ಹೋಗುತ್ತಿತ್ತು. ಅಬು ಮೂಸಾ ದ್ವೀಪದಲ್ಲಿ ಕೆಂಪು ಆಕ್ಸೈಡ್ ತೆಗೆಯಲು ಶಾರ್ಜಾದ ಶೇಖ್ 19ನೇ ಶತಮಾನದ ಕೊನೆಯ ಹೊತ್ತಿಗೆ ಗುತ್ತಿಗೆ ಕೊಟ್ಟಿದ್ದರು. ಅದು ಜರ್ಮನ್ ಕಂಪನಿಯೊಂದರ ಕೈಗೆ ಹೋದಾಗ ಬ್ರಿಟಿಷರು ಅಡ್ಡ ಬಂದು ದೊಡ್ಡ ರಾಜತಾಂತ್ರಿಕ ಜಗಳವೇ ಆಯಿತು. ಬಿಸಿಲಿಗೆ ಬಗ್ಗದ ಆ ಕೆಂಪು ಆ ಸಮುದ್ರದ್ದೇ. ಹೊಸ ಕ್ರೀಡಾ ಸಂಕೀರ್ಣದ ಹೊರಗೋಡೆಗೆ ಜಿಪ್ಸಂ ಕೆತ್ತನೆಯ ವಿನ್ಯಾಸ ಬಲ್ಲ ಎಮಿರಾತಿ ಕಲಾವಿದರನ್ನೂ ಕಾವಿ ಬಲ್ಲ ಕರಾವಳಿಯ ಒಬ್ಬಿಬ್ಬರನ್ನೂ ಒಂದೇ ಸಾರುವೆಯ ಮೇಲೆ ನಿಲ್ಲಿಸಿದರೆ, ಹಸಿ ಗಾರೆಯ ಭಾಷೆಯಲ್ಲಿ ಅವರಿಬ್ಬರಿಗೆ ದುಭಾಷಿ ಬೇಕಾಗಲಾರದು.

ಕೆತ್ತಬೇಕಾದದ್ದು ಏನು? ಇಲ್ಲಿ ನನ್ನ ಅಭಿಪ್ರಾಯ ಖಚಿತ. ಆಡುವವರ ಮೈ. ಕಬಡ್ಡಿಯಲ್ಲಿ ಬೋನಸ್ ಗೆರೆಯಾಚೆಗೆ ಬೆರಳ ತುದಿ ಚಾಚಿದ ಕಾಲು, ಥ್ರೋಬಾಲ್ ಹಿಡಿದ ಅಗಲಿಸಿದ ಎರಡು ಅಂಗೈ, ಹಗ್ಗ ಹಿಡಿದವರ ಹಿಂದಕ್ಕೆ ಬಾಗಿದ ಬೆನ್ನುಗಳ ಸಾಲು, ಹಾಯಿದೋಣಿಯ ಹಗ್ಗ ಎಳೆಯುವವರ ಅಂಥದ್ದೇ ಬೆನ್ನುಗಳು. ಈ ಆಕಾರಗಳಿಗೆ ರಾಷ್ಟ್ರಧ್ವಜ ಬೇಕಿಲ್ಲ, ನೋಡಿದವನಿಗೆ ತನ್ನ ಸ್ನಾಯುವಿನಲ್ಲೇ ಗುರುತು ಸಿಗುತ್ತದೆ. ಎಮಿರಾತಿ ನೆಲದ ಸಹಿ ಬೇಕೆಂದರೆ ಸಾದು ನೇಯ್ಗೆ ಇದೆ. ಬೆದುವಿನ್ ಹೆಂಗಸರು ಒಂಟೆಯ, ಕುರಿಯ ಉಣ್ಣೆಯಲ್ಲಿ ನೆಯ್ದ ಕೆಂಪು, ಕಪ್ಪು, ಬಿಳಿ ಪಟ್ಟೆಗಳು, ತ್ರಿಕೋನಗಳು. 2011ರಲ್ಲಿ ಯುನೆಸ್ಕೋ ಅದನ್ನು ತುರ್ತಾಗಿ ಉಳಿಸಬೇಕಾದ ಕಲೆಗಳ ಪಟ್ಟಿಗೆ ಸೇರಿಸಿತು. ಅಂಕಣದ ಗೆರೆ-ಚೌಕಗಳ ಜೊತೆ ಅದು ಸಲೀಸಾಗಿ ಬೆರೆಯುತ್ತದೆ, ಬಿಳಿಯನ್ನು ಬಿಟ್ಟರೆ ಬಣ್ಣಗಳೂ ಗಾಢ, ಶಟಲ್ ಎದ್ದು ಕಾಣುತ್ತದೆ. ನಮ್ಮವರು ಯಕ್ಷಗಾನದ ಕಿರೀಟವೂ ಗೋಡೆಗೆ ಬರಲಿ ಎಂದು ಕೇಳಿಯೇ ಕೇಳುತ್ತಾರೆ. ದುಬೈನಲ್ಲಿ ಮಕ್ಕಳಿಗೆ ಯಕ್ಷಗಾನದ ತರಗತಿ ನಡೆಯುವ ಕಾಲ ಇದು, ಆ ಆಸೆ ಸಹಜ. ಆದರೆ ಒಬ್ಬರ ಕಿರೀಟ, ಇನ್ನೊಬ್ಬರ ಕಥಕ್ಕಳಿ, ಫಿಲಿಪಿನೋಗಳ ಜೀಪ್ನಿ ಬಸ್ಸು ಎಂದು ಚೌಕ ಚೌಕವಾಗಿ ಹಂಚಿಕೊಂಡರೆ ಗೋಡೆ ಅಂಚೆಚೀಟಿಯ ಆಲ್ಬಂ ಆಗುತ್ತದೆ. ಯಕ್ಷಗಾನದಿಂದ ತೆಗೆದುಕೊಳ್ಳಬೇಕಾದದ್ದು ಧಿಗಿಣ, ನೆಲ ಬಿಟ್ಟು ಗಿರ್ರನೆ ತಿರುಗಿದ ಮೈ. ಅದು ಆಟದ ಗೋಡೆಗೆ ಸೇರಿದ್ದೇ.

ಜನರನ್ನು ಕೇಳುವುದು ಎಂದರೆ ಸಲಹಾಪೆಟ್ಟಿಗೆ ಇಡುವುದಲ್ಲ. ಬೆಂಗಳೂರಿನಲ್ಲಿ 2016ರಲ್ಲಿ ಶುರುವಾದ ಅರವಾಣಿ ಆರ್ಟ್ ಪ್ರಾಜೆಕ್ಟ್ ಇದನ್ನು ಚೆನ್ನಾಗಿ ತೋರಿಸಿದೆ. ಕೆ.ಆರ್. ಮಾರ್ಕೆಟ್ಟಿನಂಥ ಜನನಿಬಿಡ ಜಾಗಗಳಲ್ಲಿ ಟ್ರಾನ್ಸ್‌ಜೆಂಡರ್ ಮಹಿಳೆಯರು ತಮ್ಮ ಮುಖಗಳನ್ನು ತಾವೇ ಬರೆದರು. ಅದುವರೆಗೆ ಮುಖ ತಿರುಗಿಸಿ ಹೋಗುತ್ತಿದ್ದ ಹೂವಿನವರು, ಹಮಾಲರು ನಿಂತು ಮಾತಾಡಿಸಿದರು. ದುಬೈನಲ್ಲಿ ನೆಲೆಸಿರುವ ಟ್ಯುನೀಷಿಯಾ ಮೂಲದ ಎಲ್ ಸೀಡ್ 2016ರಲ್ಲಿ ಕೈರೋದ ಕಸ ಆಯುವವರ ಕೇರಿಯಲ್ಲಿ ಸುಮಾರು ಐವತ್ತು ಮನೆಗಳ ಮೇಲೆ ಹಬ್ಬುವ ಒಂದೇ ಅಕ್ಷರಚಿತ್ರ ಬರೆದರು. ಬೆಟ್ಟದ ಒಂದು ಜಾಗದಿಂದ ಮಾತ್ರ ಅದು ಪೂರ್ತಿ ಕಾಣುತ್ತದೆ. ಮೊದಲು ಅವರು ಮಾಡಿದ್ದು ಕೇರಿಯ ಪಾದ್ರಿಯ ಒಪ್ಪಿಗೆ ಕೇಳಿದ್ದು, ಆಮೇಲೆ ಮನೆಮನೆಯ ಚಹಾ. ಕ್ರೀಡಾ ಸಂಕೀರ್ಣದಲ್ಲಿ ಈ ಕೆಲಸ ಇನ್ನೂ ಸುಲಭ. ಯಾರು ಎಷ್ಟು ಗಂಟೆಗೆ ಯಾವ ಅಂಕಣ ಬುಕ್ ಮಾಡುತ್ತಾರೆ ಎಂಬ ಪಟ್ಟಿ ಕಚೇರಿಯಲ್ಲೇ ಇರುತ್ತದೆ. ರಾತ್ರಿ ಹತ್ತಕ್ಕೆ ಆಡಲು ಬರುವ ಟ್ಯಾಕ್ಸಿ ಚಾಲಕರನ್ನೂ, ಬೆಳಗ್ಗೆ ಬರುವ ಗೃಹಿಣಿಯರನ್ನೂ, ಶನಿವಾರದ ಮಕ್ಕಳನ್ನೂ ಅಂಕಣದ ಬದಿಗೆ ಕೂರಿಸಿ ಮಾತಾಡಬಹುದು. ಎತ್ತರದ ಭಾಗ ಕಲಾವಿದರದ್ದು, ಕೈಗೆಟಕುವ ಭಾಗ ಇವರದ್ದು ಎಂದು ಗೆರೆ ಹಾಕಬಹುದು. ಆ ಗೋಡೆಗೆ ಗಾರೆ ಮೆತ್ತಿದ ಮೇಸ್ತ್ರಿಗಳನ್ನು ಮಾತ್ರ ಮರೆಯಬಾರದು. ಅವರಲ್ಲಿ ರಾಜಸ್ಥಾನದವರು, ಪಾಕಿಸ್ತಾನದ ಮುಲ್ತಾನಿನವರು ಎಷ್ಟೋ ಜನ ಇರುತ್ತಾರೆ, ಅವರ ಊರಿನ ಗೋಡೆಗಳಲ್ಲೂ ಚಿತ್ರಗಳಿವೆ.

ಗುತ್ತಿಗೆಯ ಕಾಗದದಲ್ಲಿ ಕೆಲವು ಸಾಲು ಸೇರದಿದ್ದರೆ ಇದೆಲ್ಲ ಮಾತಾಗಿಯೇ ಉಳಿಯುತ್ತದೆ. ಕೆಲಸ ನವೆಂಬರ್‌ನಿಂದ ಮಾರ್ಚ್‌ವರೆಗೆ ಎಂದು ಬರೆಯಬೇಕು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ದುಡಿಸುವುದನ್ನು ಅಲ್ಲಿಯ ಕಾನೂನು ನಿಷೇಧಿಸಿದೆ. ಉಳಿದ ಹೊತ್ತಿನಲ್ಲೂ ಕಾದ ಗೋಡೆಯ ಮೇಲೆ ಬಣ್ಣ ಕುಂಚದಲ್ಲೇ ಒಣಗುತ್ತದೆ, ಗಾರೆ ಬಿರಿಯುತ್ತದೆ. ಗಾರೆ ಹಣ್ಣಾಗಲು ಬೇಕಾದ ವಾರಗಳನ್ನು ಕಟ್ಟಡದ ಕಾಲಪಟ್ಟಿಯಲ್ಲೇ ಕಾದಿರಿಸಬೇಕು. ಚಿತ್ರಕ್ಕೆಂದು ಇಟ್ಟ ಹಣದಲ್ಲಿ ಒಂದು ಪಾಲನ್ನು ಐದು ವರ್ಷದ ನಂತರದ ದುರಸ್ತಿಗೆ ಎತ್ತಿಡಬೇಕು, ಅದೇ ಕಲಾವಿದರಿಗೆ ಮೊದಲ ಕರೆ ಹೋಗಬೇಕು. ಅಂಕಣದ ಹಿಂಗೋಡೆಗಳ ಪಟ್ಟಿ ಮಾಡಿ, ಇವು ಗಾಢ ಮತ್ತು ಮಂಕು ಬಣ್ಣದವೇ ಆಗಿರಬೇಕು ಎಂದು ಚಿತ್ರಕಾರರಿಗೆ ಮೊದಲ ದಿನವೇ ತಿಳಿಸಬೇಕು. ನಿರ್ಬಂಧ ಮೊದಲೇ ಗೊತ್ತಿದ್ದರೆ ಒಳ್ಳೆಯ ಕಲಾವಿದರು ಅದರೊಳಗೇ ಚೆಲುವು ಹುಡುಕುತ್ತಾರೆ. ಮುಗಿದ ಮೇಲೆ ಹೇಳಿದರೆ ಉಳಿಯುವುದು ಪರದೆ.

ಎಲ್ಲಕ್ಕಿಂತ ಮೊದಲು, ಒಪ್ಪಂದಕ್ಕೆ ಸಹಿ ಬೀಳುವ ಮುನ್ನ, ಪಡುವಣ ಗೋಡೆಯ ಮೇಲೆ ಒಂದೊಂದು ಮೀಟರ್ ಉದ್ದಗಲದ ನಾಲ್ಕು ಮಾದರಿಗಳು ಬೇಕು: ಒಂದು ಅಕ್ರಿಲಿಕ್ ಬಣ್ಣದ್ದು, ಒಂದು ಸಿಲಿಕೇಟ್ ಬಣ್ಣದ್ದು, ಒಂದು ಕೊರೆದ ಜಿಪ್ಸಂ, ಒಂದು ಕಾವಿ ಕ್ರಮದ ಸುಣ್ಣದ ಗಾರೆ. ಜಿಪ್ಸಂ ನೀರಿಗೆ ಅಂಜುತ್ತದೆ, ಆದ್ದರಿಂದ ಅದಕ್ಕೆ ಸೂರಿನ ನೆರಳೂ ಇರಬೇಕು. ಮಾರ್ಚಿನಲ್ಲಿ ಮಾಡಿ ಒಂದು ಪೂರ್ತಿ ಬೇಸಗೆ ಹಾಗೆಯೇ ಬಿಡಿ. ಅಕ್ಟೋಬರ್‌ನಲ್ಲಿ ಒದ್ದೆ ಬಟ್ಟೆಯಿಂದ ಉಜ್ಜಿ, ಫುಟ್‌ಬಾಲ್ ತಂಡದ ಹುಡುಗರಿಂದ ಅದಕ್ಕೆ ಚೆಂಡು ಹೊಡೆಸಿ, ಆಮೇಲೆ ಬ್ಯಾಡ್ಮಿಂಟನ್ ಆಡುವವರನ್ನೂ ಕಬಡ್ಡಿಯವರನ್ನೂ ಕರೆದು ಯಾವುದು ಉಳಿಯಲಿ ಎಂದು ಕೇಳಿ.